ಗಾಡಿ ಸರಿಯಾಗಿತ್ತು

"ಟ್ಯಾಂಕಿಗೆ ಬೆಸುಗೆ ಹಾಕ್ತೀರಾ ಇಲ್ಲಿ?"

ಆ ದನಿ ಕೇಳಿದ್ದೇ ನೀಲಾಂಬಿಕೆಯ ಕೈಯಲ್ಲಿದ್ದ ಬಿಂದಿಗೆ ಜಾರಿತು. ಕಾದ ತವರದ ಹನಿಯೊಂದು ಹೆಬ್ಬೆರಳ ಮೇಲೆ ಬಿತ್ತು. ಉರಿ ಅವಳಿಗೆ ತಿಳಿಯಲೇ ಇಲ್ಲ.

ನಾಲ್ಕು ವರ್ಷ! ನಾಲ್ಕು ವರ್ಷದಲ್ಲಿ ಎಷ್ಟೋ ದನಿಗಳನ್ನು ಅವಳು ಮರೆತಿದ್ದಳು. ಸತ್ತ ಅಕ್ಕನ ದನಿ ಕೂಡ ಈಗೀಗ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಇದೊಂದು ಮಾತ್ರ...

ಪಿರಿಯಾಪಟ್ಟಣದಿಂದ ಮಡಿಕೇರಿಗೆ ಹೋಗುವ ದಾರಿಯ ಅಂಚಿನಲ್ಲಿ ಅವಳ ಅಪ್ಪ ಮಹದೇವಯ್ಯನ ಬೆಸುಗೆ ಶೆಡ್ಡು. ಈಗ ಅಪ್ಪನ ಕಣ್ಣಿಗೆ ಪೊರೆ ಬಂದು, ಕೈ ನಡುಗುತ್ತಿತ್ತು. ಕೆಲಸವೆಲ್ಲ ಮಗಳದೇ. ಹೆಂಗಸು ಬೆಸುಗೆ ಹಾಕುತ್ತಾಳೆಂದರೆ ಗಿರಾಕಿಗಳು ಹಿಂದೆಮುಂದೆ ನೋಡುತ್ತಿದ್ದರು. ಅದಕ್ಕೇ ಅವಳು ತಟ್ಟಿಯ ಹಿಂದೆ ಕೂತು ಕೆಲಸ ಮಾಡುವುದು, ಅಪ್ಪ ಜಗಲಿಯಲ್ಲಿ ಕೂತು ಮಾತಾಡುವುದು ಎಂದಾಗಿತ್ತು.

ಆದರೆ ಈಗ ಅವಳು ತಟ್ಟಿಯನ್ನು ಸರಿಸಿ ಹೊರಗೇ ಬಂದಳು.

ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಗಾಡಿಯೊಳಗೆ ಹುಲ್ಲಿನ ಮೇಲೆ ಒಂದು ಮೋಟರ್ ಸೈಕಲ್ಲು ಒರಗಿಕೊಂಡಿತ್ತು. ಅದರ ಪಕ್ಕದಲ್ಲಿ ಧೂಳು ಮೆತ್ತಿದ ಬಟ್ಟೆಯಲ್ಲಿ, ಮೂವತ್ತಕ್ಕೇ ಕಿವಿಯ ಹತ್ತಿರ ನರೆತ ಕೂದಲಿನ ಗುರುಮಲ್ಲಪ್ಪ!

ಒಂದು ಕಾಲಕ್ಕೆ ಅವಳನ್ನು ಮದುವೆಯಾಗಬೇಕಿದ್ದವನು. ತಾಂಬೂಲ ಬದಲಾಗಿತ್ತು, ದಿನ ಗೊತ್ತಾಗಿತ್ತು.

ಅವನ ಮುಖವೂ ಬಿಳಿಚಿಕೊಂಡಿತು.

"ನೀಲಾ... ನೀನು ಇನ್ನೂ ಇಲ್ಲೇ ಇದ್ದೀಯಾ?"

"ಇನ್ನೆಲ್ಲಿ ಇರಬೇಕಿತ್ತು?"

"ಮದುವೆ ಆಗಿ ಓಗಿರ್ತೀಯ ಅಂದ್ಕಂಡಿದ್ದೆ..."

ಅವಳು ನಕ್ಕಳು. ಆ ನಗು ಕೇಳಿ ಗಾಡಿಯವನೂ ತಲೆ ತಗ್ಗಿಸಿದ.

"ಅಕ್ಕನ್ನ ಸಾಯಿಸಿದವನ ಹೆಸರು ನನ್ನ ಹೆಸರಿಗೆ ಅಂಟ್ಕಂಡದೆ. ಯಾರು ಬತ್ತಾರೆ ಕೇಳೋಕೆ? ಗಾಡಿ ತಿರುಗಿಸಿಕೊಂಡು ಓಗಿ. ನಿಮ್ಮ ಟ್ಯಾಂಕನ್ನ ನಾನು ಮುಟ್ಟಲ್ಲ."

ಜಗಲಿಯ ಮೇಲಿದ್ದ ಮಹದೇವಯ್ಯ ಗೋಡೆ ಹಿಡಿದು ಎದ್ದರು. "ಯಾರವ್ವ ಅದು? ಗುರುಮಲ್ಲನಾ?... ಬ್ಯಾಡ, ಆ ಗಾಡಿ ನಮ್ಮ ಶೆಡ್ಡಿಗೆ ಬ್ಯಾಡ! ಕಳಿಸ್ಬುಡು, ಕಳಿಸ್ಬುಡು!"

ಅಪ್ಪನ ಧ್ವನಿಯಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಆದರೆ ಆ ಹೊತ್ತಿನಲ್ಲಿ ನೀಲಾಂಬಿಕೆಗೆ ಅದನ್ನು ಗಮನಿಸುವ ತಾಳ್ಮೆ ಇರಲಿಲ್ಲ.

ಗುರುಮಲ್ಲಪ್ಪ ಹೋಗಲಿಲ್ಲ. ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನಗೋಸ್ಕರ ಆಗಿದ್ರೆ ಬತ್ತಿರ್ಲಿಲ್ಲ. ನಾನೀಗ ಎಗ್ಗಡದೇವನಕೋಟೆ ಕಡೆ ಮಲೇರಿಯಾ ಕೆಲಸದಲ್ಲಿದೀನಿ. ಕಾಡಂಚಿನ ಅಳ್ಳಿಗಳಿಗೆ ಕ್ವಿನೈನ್ ಮಾತ್ರೆ ಒತ್ಕಂಡು ಓಗ್ಬೇಕು. ಬೀಚನಹಳ್ಳಿ ಕಡೆ ಒಂದೊಂದು ಮನೇಲಿ ಮೂರು ಮೂರು ಜನ ಮಲಗವ್ರೆ. ಮಕ್ಕಳ ಒಟ್ಟೇಲಿ ಜ್ವರಗಡ್ಡೆ ಕಲ್ಲಿನಂಗೆ ಕೈಗೆ ಸಿಗ್ತದೆ. ನಡ್ಕಂಡು ಓಗೋ ಅಷ್ಟರಲ್ಲಿ..." ಅವನು ನಿಲ್ಲಿಸಿದ. ಮತ್ತೆ ಹೇಳಿದ, "ಯುದ್ಧ ಮುಗೀತು, ಪೆಟ್ರೋಲಿಗೆ ಚೀಟಿ ಕೊಟ್ಟವ್ರೆ. ಗಾಡಿ ಮಾತ್ರ ನಾಲ್ಕು ವರ್ಷ ಅವ್ವನ ಕೊಟ್ಟಿಗೇಲಿ ಬಿದ್ದಿತ್ತು. ಟ್ಯಾಂಕು ತುಕ್ಕು ಇಡಿದು ತಳ ಜರಡಿ ಆಗದೆ. ಮೈಸೂರಲ್ಲೂ ಕೇಳ್ದೆ. ಒಸಾ ಟ್ಯಾಂಕು ಇಂಗ್ಲಿಷರ ಸೀಮೆಯಿಂದ ಬರ್ಬೇಕು, ಯಾವಾಗಲೋ ಗೊತ್ತಿಲ್ಲ ಅಂದ್ರು. ಈ ಕೆಲಸ ಗೊತ್ತಿರೋದು ಈ ಶೆಡ್ಡಿನೋರಿಗೇ."

ನೀಲಾಂಬಿಕೆ ತಟ್ಟಿಯ ಕಡೆಗೆ ತಿರುಗಿ ಒಳಗೆ ಹೆಜ್ಜೆ ಇಟ್ಟಳು. ಆದರೆ ಚಳಿಜ್ವರದಲ್ಲಿ ನಡುಗುವ ಮಕ್ಕಳು ಇವಳಿಗೇನು ಮಾಡಿದ್ದವು?

"ಟ್ಯಾಂಕು ಬಿಚ್ಚಿಟ್ಟು ಓಗಿ. ಮೂರನೇ ದಿನ ಬನ್ನಿ. ಆ ಮಕ್ಕಳ ಮುಖ ನೋಡಿ ಮಾಡ್ತೀನಿ... ನಿಮ್ಮ ಮುಖ ನೋಡಿ ಅಲ್ಲ!"

ಅವನು ಟ್ಯಾಂಕು ಬಿಚ್ಚಿದ. ಶೆಡ್ಡಿನ ಬಾಗಿಲಲ್ಲಿ ಇಟ್ಟ. ಹೋದ.

*

ಆ ದಿನ ಹೇಗೆ ಮರೆಯಲು ಸಾಧ್ಯ?

ಅಕ್ಕ ಸುನಂದ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವ್ವ ಸತ್ತು ಎಂಟು ವರ್ಷ. ಅವ್ವನ ಜಾಗದಲ್ಲಿ ನಿಂತು ನೀಲಾಂಬಿಕೆಗೆ ತಲೆ ಬಾಚಿ, ಬಯ್ದು, ಉಣಿಸಿ ಬೆಳೆಸಿದವಳು ಆ ಅಕ್ಕನೇ.

ನೋವು ಶುರುವಾಗಿದ್ದು ಬೆಳಗಿನಲ್ಲಿ. ಬಿಸಿಲೇರಿದಾಗ ಸೂಲಗಿತ್ತಿ ಚಿಕ್ಕಸಿದ್ದಮ್ಮ ಹೊರಗೆ ಬಂದು, "ಮಗ ಅಡ್ಡ ತಿರುಗದೆ. ನನ್ನ ಕೈಲಾಗಲ್ಲ. ಉಣಸೂರಿನ ಡಾಕ್ಟರನ್ನ ಕರೆಸಿ" ಎಂದಳು.

ಗುರುಮಲ್ಲಪ್ಪ ಆಗ ತಂಬಾಕು ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದ. ಹಳ್ಳಿ ಹಳ್ಳಿ ಸುತ್ತಲು ಕೊಡಗಿನ ಕಾಫಿ ತೋಟದ ಬಿಳಿಯ ದೊರೆಯೊಬ್ಬರಿಂದ ಆ ಮೋಟರ್ ಸೈಕಲ್ಲನ್ನು ತಂದಿದ್ದ. ಟ್ಯಾಂಕಿನ ತುಕ್ಕು ತೆಗೆಸಲೆಂದು ಅದು ಎರಡು ದಿನದಿಂದ ಮಾವನಾಗುವವರ ಶೆಡ್ಡಿನಲ್ಲೇ ಇತ್ತು. ಸುದ್ದಿ ಕೇಳಿ ಓಡಿ ಬಂದವನೇ ಗಾಡಿ ಏರಿ ಹುಣಸೂರಿನ ಕಡೆ ಹೊರಟ. ಹದಿನಾಲ್ಕು ಮೈಲಿ. ಒಂದು ಗಂಟೆಯೊಳಗೆ ಡಾಕ್ಟರು ಬರಬೇಕಿತ್ತು.

ಡಾಕ್ಟರು ಬಂದಾಗ ಸಂಜೆಯ ದೀಪ ಹಚ್ಚಿದ್ದರು. ಆ ದೀಪ ಸುನಂದಳ ತಲೆಯ ಹತ್ತಿರ ಇತ್ತು. ಮಗುವೂ ಉಳಿಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ, ಬೆವರು ಮಣ್ಣಿನಲ್ಲಿ ಮುಳುಗಿ ಗುರುಮಲ್ಲಪ್ಪ ಬಂದು ನಿಂತ. ಅಷ್ಟರಲ್ಲಿ ಯಾರೋ ಗಾಡಿಯವನು ಹೇಳಿಬಿಟ್ಟಿದ್ದ, "ಇವನ ಮೋಟರ್ ಸೈಕಲ್ಲು ದಾರೀಲಿ ಎಂಡದಂಗಡಿ ಮುಂದೆ ನಿಂತಿತ್ತು ಕಣ್ರಪ್ಪೋ! ನಾನೇ ಕಣ್ಣಾರೆ ಕಂಡೆ!"

ಮನೆ ತುಂಬ ಗದ್ದಲ. ನೀಲಾಂಬಿಕೆ ಅಪ್ಪನ ಕಡೆ ತಿರುಗಿದ್ದಳು.

"ಅಪ್ಪಾ, ಗಾಡಿ ಕೆಟ್ಟಿತ್ತಾ? ನೀವೇ ಕೆಲಸ ಮಾಡಿದ್ದು... ಸರಿಯಾಗಿತ್ತಾ, ಇಲ್ವಾ?"

ಅಪ್ಪ ಅಕ್ಕನ ಕಾಲನ್ನು ಹಿಡಿದು ಕೂತಿದ್ದರು. ಒಂದು ಗಳಿಗೆ ತಡೆದು ಹೇಳಿದರು.

"ಗಾಡಿ ಸರಿಯಾಗಿತ್ತು."

ಅಷ್ಟೇ! ನೀಲಾಂಬಿಕೆ ಒಳಗೆ ಹೋಗಿ ನಿಶ್ಚಿತಾರ್ಥದ ಸೀರೆಯನ್ನು ತಂದು ಅವನ ಕಾಲಬುಡಕ್ಕೆ ಎಸೆದಿದ್ದಳು. ಊರಿನವರೆಲ್ಲರ ಎದುರಿಗೆ ಅವನ ಮುಖಕ್ಕೆ ಉಗಿದಿದ್ದಳು.

ಅವನು ಒಂದೇ ಒಂದು ಮಾತು ಆಡಿರಲಿಲ್ಲ. ಆಡದೇ ಇದ್ದದ್ದನ್ನೇ ಎಲ್ಲರೂ ತಪ್ಪೊಪ್ಪಿಗೆ ಎಂದುಕೊಂಡಿದ್ದರು. ಅವಳೂ...

*

ಮರುದಿನ ಬೆಳಿಗ್ಗೆ ಅವಳು ಟ್ಯಾಂಕನ್ನು ಕೆಲಸಕ್ಕೆ ತೆಗೆದುಕೊಂಡಳು.

ಬಟ್ಟೆ ಸೋಡ ಹಾಕಿ ಕುದಿಸಿದ ನೀರನ್ನು ಮೂರು ಸಲ ತುಂಬಿ ಚೆಲ್ಲಿದಳು. ಪೆಟ್ರೋಲಿನ ವಾಸನೆ ಒಂದಿಷ್ಟು ಉಳಿದರೂ ಬೆಂಕಿಯ ಹತ್ತಿರ ತರುವಂತಿಲ್ಲ. ಮೂರನೇ ಸಲವೂ ನೀರು ಕೆಂಪಗೆ, ರಾಗಿ ಅಂಬಲಿಯಂತೆ ದಪ್ಪಗೆ ಬಂತು. ತಳಕ್ಕೆ ಬೆರಳಿಂದ ಒತ್ತಿದರೆ ತಗಡು ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ತಳವನ್ನೇ ಕತ್ತರಿಸಿ ಹೊಸ ತಗಡು ಕೂಡಿಸದೆ ಬೇರೆ ದಾರಿಯಿರಲಿಲ್ಲ.

ಉಳಿ ಇಟ್ಟು ಬಡಿದಳು. ಒಂದೊಂದು ಪೆಟ್ಟಿಗೂ, 'ಇದು ಅಕ್ಕನಿಗೆ, ಇದು ಆ ಕೂಸಿಗೆ...' ಎಂದುಕೊಂಡಳು. ತಳ ಕಳಚಿ ಬಂತು.

ಟ್ಯಾಂಕನ್ನು ಬೋರಲು ಹಾಕಿ ಕುಲುಕಿದಾಗ, ಪೆಟ್ರೋಲಿನ ನಲ್ಲಿ ಕೂರುವ ತೂತಿನ ಹತ್ತಿರ ತುಕ್ಕಿನ ಗಟ್ಟಿ ಹೆಂಟೆಯೊಂದು ಅಲುಗಾಡಿತು. ಕಡ್ಡಿಯಿಂದ ಮೀಟಿದಳು. ಹೆಂಟೆ ನೆಲಕ್ಕೆ ಬಿದ್ದು ಒಡೆಯಿತು.

ಒಳಗೆ ಸರಪಳಿಯ ತುಂಡು! ಏಳೆಂಟು ಕೊಂಡಿ. ತುದಿಯಲ್ಲಿ ಹಿತ್ತಾಳೆಯ ತಂತಿಯನ್ನು ತಿರುಚಿ ಮಾಡಿದ ಒಂದು ಉಂಗುರ.

ಅವಳ ಕೈ ನಿಂತುಹೋಯಿತು.

ಆ ಉಂಗುರವನ್ನು ಅವಳು ಬಲ್ಲಳು. ಅಪ್ಪ ಯಾವ ಪಾತ್ರೆಯ ತುಕ್ಕು ತೆಗೆಯುವಾಗಲೂ ಒಳಗೆ ಹುಣಸೆ ನೀರು ಹುಯ್ದು, ಒಂದು ಸಣ್ಣ ಸರಪಳಿ ಬಿಟ್ಟು ಕುಲುಕುತ್ತಿದ್ದರು. ಸರಪಳಿ ಉಜ್ಜಿ ಉಜ್ಜಿ ತುಕ್ಕು ಉದುರುತ್ತಿತ್ತು. ಆಮೇಲೆ ಉಂಗುರಕ್ಕೆ ಕೊಕ್ಕೆ ಹಾಕಿ ಹೊರಗೆ ಎಳೆಯುತ್ತಿದ್ದರು. ಹಿತ್ತಾಳೆಯ ಉಂಗುರ ಅಪ್ಪನ ಕೈಕೆಲಸ. ಇನ್ನೊಂದು ತುಂಡು ಈಗಲೂ ಶೆಡ್ಡಿನ ಮೊಳೆಗೆ ನೇತಾಡುತ್ತಿತ್ತು. ಉಂಗುರವೇ ಇಲ್ಲದೆ!

ಅವಳು ಅದನ್ನು ಇಳಿಸಿ ತಂದಳು. ಮುರಿದ ಕೊಂಡಿಗೆ ಮುರಿದ ಕೊಂಡಿ ಜೋಡಿಸಿ ನೋಡಿದಳು. ಕೂಡಿಕೊಂಡಿತು.

'ಇಲ್ಲ... ಇಲ್ಲ... ಅಪ್ಪ ಅಂಥವರಲ್ಲ...'

ಜಗಲಿಗೆ ಹೋದಳು. ಅಪ್ಪನ ಅಂಗೈ ಬಿಡಿಸಿ ಆ ತುಂಡನ್ನು ಇಟ್ಟಳು. ಕಣ್ಣು ಕಾಣದ ಮಹದೇವಯ್ಯನ ಬೆರಳು ಒಂದೊಂದೇ ಕೊಂಡಿಯನ್ನು ತಡವಿಕೊಂಡು ಹೋಗಿ ಉಂಗುರದ ಮೇಲೆ ನಿಂತಿತು. ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಎಲ್ಲಿ ಸಿಕ್ತು, ಮಗಾ?"

"ಎಲ್ಲಿ ಸಿಕ್ತು ಅಂತ ನಿಮಗೇ ಗೊತ್ತು."

ಮಹದೇವಯ್ಯ ಕೊಂಡಿಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಆಮೇಲೆ ತೀರ ಸಣ್ಣ ದನಿಯಲ್ಲಿ ಶುರುಮಾಡಿದರು.

"ಕುಲುಕ್ತಾ ಇದ್ದೆ ಕಣವ್ವ. ಸರಪಳಿ ತುಂಡಾಗಿ ಒಳಗೇ ಉಳ್ಕತು. ನಿಧಾನಕ್ಕೆ ತೆಗೆದ್ರಾಯ್ತು ಅಂದ್ಕಂಡೆ. ಅಷ್ಟರಲ್ಲಿ ಚಿಕ್ಕಸಿದ್ದಮ್ಮ ಕೂಗಿದ್ಳು. ಗುರುಮಲ್ಲ ಓಡಿಬಂದು, 'ಮಾವ, ಗಾಡಿ ಆಯ್ತಾ?' ಅಂದ. ಒಳಗೆ ನಮ್ಮ ಸುನಂದ ಕಿರುಚ್ತಾ ಇದ್ಲು... ನಾನು 'ಆಯ್ತು, ಓಗು' ಅಂದ್ಬುಟ್ಟೆ. ತೊಳೀಲಿಲ್ಲ, ಒಣಗಿಸ್ಲಿಲ್ಲ. ತುಕ್ಕಿನ ನೀರು ಒಳಗಿದ್ದಂಗೇ ಪೆಟ್ರೋಲು ಉಯ್ದೆ. ಎಂಗೋ ಉಣಸೂರು ಮುಟ್ಟುತ್ತೆ ಅಂದ್ಕಂಡೆ ಕಣವ್ವ..."

"ಅದು ಗಾಬರೀಲಿ ಆದ ತಪ್ಪು, ಅಪ್ಪಾ." ಅವಳ ದನಿ ಒಣಗಿತ್ತು. "ಆ ತಪ್ಪಿಗೆ ನಾನು ನಿಮ್ಮ ಜೊತೆ ಕೂತು ಅಳ್ತಿದ್ದೆ. ಆಮೇಲೆ ಕೇಳಿದ್ನಲ್ಲ... ಅಕ್ಕನ ಎಣದ ಮುಂದೆ ನಿಂತ್ಕಂಡು ಕೇಳಿದ್ನಲ್ಲ! ಆವಾಗ ಯಾಕೆ ಸುಳ್ಳು ಹೇಳಿದ್ರಿ?"

"ಎದ್ರಿಕೆ ಆಯ್ತು. ನೀನು ಆ ಉಡುಗನ್ನ ನೋಡ್ತಿದ್ದ ನೋಟ... ನಿಜ ಯೋಳಿದ್ರೆ ಅದೇ ನೋಟ ನನ್ನ ಮ್ಯಾಲೆ ತಿರುಗ್ತಿತ್ತು. ಒಬ್ಬ ಮಗಳನ್ನ ಕಳ್ಕಂಡಿದ್ದೆ. ಇನ್ನೊಬ್ಬಳೂ ಓಗ್ಬುಡ್ತಾಳೆ ಅನ್ನಿಸ್ತು."

"ಅದಕ್ಕೆ ತಪ್ಪನ್ನ ಅವರ ಮೇಲೆ ಹಾಕಿ ಕಳಿಸಿದ್ರಿ."

ಮಹದೇವಯ್ಯ ಮಗಳ ಕೈಗಾಗಿ ಗಾಳಿಯಲ್ಲಿ ತಡಕಾಡಿದರು. ಅವಳು ಕೈ ಕೊಡಲಿಲ್ಲ. ಎದ್ದು ಹೋಗಿ ಟ್ಯಾಂಕಿನ ಮುಂದೆ ಕೂತಳು. ಹುಣಸೆಯ ಗಟ್ಟಿ ರಸ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿದಳು, ತಿಕ್ಕಿದಳು... ಹೆಬ್ಬೆರಳ ಬೊಬ್ಬೆ ಒಡೆದು ಹುಳಿ ತಾಗಿ ಉರಿದರೂ ನಿಲ್ಲಿಸಲಿಲ್ಲ.

*

ಮೂರನೇ ದಿನ ಮಧ್ಯಾಹ್ನ ಗುರುಮಲ್ಲಪ್ಪ ಬಂದಾಗ ಟ್ಯಾಂಕು ಸಿದ್ಧವಾಗಿತ್ತು. ಒಳಗೆಲ್ಲ ಬಿಸಿಲಿನಲ್ಲಿ ಒಣಗಿಸಿ, ತೆಳ್ಳಗೆ ತವರ ಹತ್ತಿಸಿ, ಹೊಸ ತಳ ಬೆಸೆದು, ಸೀಮೆಎಣ್ಣೆಯಲ್ಲಿ ಗಲಬರಿಸಿ ಇಟ್ಟಿದ್ದಳು. ಒಂದು ಹನಿಯೂ ಸೋರುತ್ತಿರಲಿಲ್ಲ.

ಅವನು ತಿರುಗಿಸಿ ನೋಡಿದ. "ಒಳ್ಳೆ ಕೆಲಸ" ಎಂದ.

ಅವಳು ಸರಪಳಿಯ ತುಂಡನ್ನು ಟ್ಯಾಂಕಿನ ಮೇಲೆ ಇಟ್ಟಳು.

ಅವನು ಅದನ್ನು ನೋಡಿದ. ಆಶ್ಚರ್ಯಪಡಲಿಲ್ಲ. ಆ ಆಶ್ಚರ್ಯಪಡದ ಮುಖವನ್ನು ಕಂಡೇ ಅವಳಿಗೆ ಎದೆ ಒಡೆದಂತಾಯಿತು.

"ನಿಮಗೆ ಗೊತ್ತಿತ್ತು!"

"ಗೊತ್ತಿತ್ತು."

"ಯಾವಾಗಿಂದ?"

"ಆವತ್ತಿಂದ್ಲೇ." ಅವನು ಗೋಡೆಗೆ ಒರಗಿ ಕೂತ. "ಐದು ಮೈಲಿ ಓಗೋ ಅಷ್ಟರಲ್ಲಿ ಗಾಡಿ ಕೆಮ್ಮೋಕೆ ಶುರುಮಾಡ್ತು. ನಿಲ್ಲಿಸಿ ನಲ್ಲಿ ಬಿಚ್ಚಿದ್ರೆ ಪೆಟ್ರೋಲಿನ ಜೊತೆ ಕೆಂಪು ಕೆಸರು. ಅಲುಗಿಸಿದ್ರೆ ಒಳಗೆ ಸರಪಳಿ ಸದ್ದು. ಎಂಡದಂಗಡಿಯೋನ ಅತ್ರ ಬಟ್ಟೆ, ತಂತಿ ಇಸ್ಕಂಡು ಕೊಳವೆ ಚೊಕ್ಕ ಮಾಡ್ದೆ. ಅರ್ಧ ಮೈಲಿ ಓಡ್ತು. ಮತ್ತೆ ನಿಂತ್ಕತು. ಮತ್ತೆ ಬಿಚ್ಚಿದೆ. ಇಂಗೇ ಎಂಟು ಮೈಲಿ ಆಯ್ತು. ಕೊನೆಗೆ ಗಾಡಿ ಅಲ್ಲೇ ಬಿಸಾಕಿ ಓಡ್ದೆ."

"ಓಡಿದ್ರಾ?"

"ಆರು ಮೈಲಿ. ಡಾಕ್ಟರನ್ನ ಒಂದು ಕಾರಲ್ಲಿ ಕೂರಿಸಿ ಕಳಿಸೋ ಒತ್ತಿಗೆ ಒತ್ತು ಮೀರಿತ್ತು."

ಆರು ಮೈಲಿ! ಆ ಬಿಸಿಲಲ್ಲಿ, ಅವಳ ಅಕ್ಕನ ಜೀವಕ್ಕಾಗಿ ಓಡಿದವನ ಮುಖಕ್ಕೆ ಅವಳು ಉಗಿದಿದ್ದಳು.

"ಯಾಕೆ ಹೇಳಲಿಲ್ಲ? ಬಾಯಿ ಇರ್ಲಿಲ್ವಾ ನಿಮಗೆ?"

"ನಿನಗೆ ಅವ್ವ ಇಲ್ಲ, ಅಕ್ಕನೂ ಓದ್ಲು. ಉಳಿದಿದ್ದು ಅಪ್ಪ ಒಬ್ರೆ. ಅವರ ಕೈಯಿಂದ್ಲೇ ಇಂಗಾಯ್ತು ಅಂತ ಯೋಳಿ ಆ ಒಬ್ಬರನ್ನೂ ಕಿತ್ಕಬೇಕಿತ್ತಾ?"

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು?" ಅವಳು ಸಿಡಿದಳು. "ಅಪ್ಪ ಒಂದು ಸುಳ್ಳು ಹೇಳಿ ನನ್ನ ಉಳಿಸ್ಕಂಡ್ರು. ನೀವು ಬಾಯಿ ಮುಚ್ಕಂಡು ನನ್ನ ಉಳಿಸಿದ್ರಿ. ನಾನೇನು ಗಾಜಿನ ಬಳೆಯಾ? ದಿನಾ ಬೆಳಗೆದ್ದು ನಿಮಗೆ ಶಾಪ ಹಾಕ್ತಿದ್ದೆ... ನಾಲ್ಕು ವರ್ಷ! ಅಷ್ಟು ವಿಷ ನನ್ನ ಬಾಯಲ್ಲೇ ಇತ್ತು. ಅದು ನಿಮಗೆ ಒಳ್ಳೇದು ಅನ್ನಿಸ್ತಾ?"

ಗುರುಮಲ್ಲಪ್ಪ ತಲೆಯೆತ್ತಿದ. ಅವನ ಕಣ್ಣಿನಲ್ಲೂ ಮೊದಲ ಸಲ ಕಿಡಿ ಕಾಣಿಸಿತು.

"ನಿಜ ಯೋಳ್ಲಾ? ನಾನೇನು ದೇವ್ರಲ್ಲ, ನೀಲಾ. ಗಾಡಿ ಒರಡಿಸೋವಾಗ್ಲೇ ಒಳಗೆ ಏನೋ ಗಲಗಲ ಅಂತಿತ್ತು. ಅವಸರದಲ್ಲಿ ನಾನೂ ಕೇಳಿಸ್ಕಂಡು ಸುಮ್ಮನಾದೆ. ಆ ಪಾಪದಲ್ಲಿ ನನ್ನದೂ ಪಾಲಿದೆ. ಮತ್ತೆ..." ಅವನು ಅವಳ ಕಣ್ಣನ್ನೇ ನೋಡಿ ಹೇಳಿದ. "ನೀನು ನಿಮ್ಮಪ್ಪನ್ನ ಕೇಳಿದೆ. ನನ್ನ ಕೇಳ್ಲಿಲ್ಲ. 'ಕುಡಿದಿದ್ರಾ?' ಅಂತ ಒಂದೇ ಒಂದು ಮಾತು ಕೇಳಿದ್ರೆ ಸಾಕಿತ್ತು. ಕೇಳ್ಲಿಲ್ಲ... ಆ ಸಿಟ್ಟಿಗೂ ಸುಮ್ಮನಿದ್ದೆ. ನಂಬದೇ ಇದ್ರೆ ಓಗ್ಲಿ ಅಂತ."

ಅವಳು ಟ್ಯಾಂಕಿನ ಮೇಲಿಂದ ಸರಪಳಿಯ ತುಂಡನ್ನು ತೆಗೆದುಕೊಂಡಳು.

ಅವನು ಟ್ಯಾಂಕನ್ನು ಎತ್ತಿಕೊಂಡು ಹೋಗಿ, ರಸ್ತೆಯಲ್ಲಿ ಇಳಿಸಿದ್ದ ಮೋಟರ್ ಸೈಕಲ್ಲಿಗೆ ಕೂಡಿಸಿದ. ಪೆಟ್ರೋಲು ಹುಯ್ದು ಒದ್ದ. ನಾಲ್ಕನೇ ಒದೆತಕ್ಕೆ ಮೋಟರ್ ಸೈಕಲ್ಲು ಗುಡುಗಿತು. ತಿರುಗಿ ನೋಡದೆ ಹುಣಸೂರಿನ ಕಡೆ ಹೊರಟುಹೋದ.

'ನಿಲ್ಲಿಸು, ನಿಲ್ಲಿಸು...' ಎಂದು ಒಳಗೆ ಏನೋ ಕೂಗುತ್ತಿತ್ತು. ಯಾವ ಬಾಯಿಂದ ನಿಲ್ಲಿಸಬೇಕು?

*

ಮರುದಿನ ಮಹದೇವಯ್ಯ ತಾವಾಗಿಯೇ ಕೋಲು ಕೇಳಿದರು.

"ಬಸ್ಸು ನಿಲ್ಲೋ ತಾವಿನ ಓಟ್ಲಿಗೆ ಕರ್ಕಂಡು ಓಗವ್ವ."

ಕಾಫಿ ಕುಡಿಯುತ್ತಿದ್ದ ಹತ್ತಾರು ಜನರ ನಡುವೆ ಆ ಮುದುಕ ನಿಂತರು. ಹೆಂಡದಂಗಡಿಯ ಕತೆಯನ್ನು ನಾಲ್ಕು ವರ್ಷದಿಂದ ಹೇಳಿಕೊಂಡು ಬಂದ ಗಾಡಿಯವನೂ ಅಲ್ಲೇ ಕೂತಿದ್ದ.

"ಕೇಳ್ರಪ್ಪ. ನನ್ನ ದೊಡ್ಡ ಮಗಳು ಸತ್ತ ದಿನ ಗಾಡಿ ಸರಿ ಇರ್ಲಿಲ್ಲ. ಕೆಡಿಸಿದ್ದು ನಾನು. ಗುರುಮಲ್ಲ ಎಂಡ ಕುಡೀಲಿಲ್ಲ. ಸುಳ್ಳು ಯೋಳಿದ್ದು ನಾನು."

ಒಬ್ಬ ಲೋಟ ಕೆಳಗಿಟ್ಟು ಎದ್ದು ಹೊರಗೆ ಹೋದ. ಬರುವಾಗ ನಮಸ್ಕಾರ ಮಾಡಿದವರು ಹೋಗುವಾಗ ಮಾಡಲಿಲ್ಲ. ನೀಲಾಂಬಿಕೆ ಅಪ್ಪನ ಕೈ ಹಿಡಿದು ಮನೆಗೆ ಕರೆತಂದಳು. ಅನ್ನ ಬಡಿಸಿದಳು. ಅವರ ಜೊತೆ ಮಾತು ಮಾತ್ರ ಬರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಪಕ್ಕದ ಮನೆಯವರಿಗೆ ಅಪ್ಪನನ್ನು ನೋಡಿಕೊಳ್ಳಲು ಹೇಳಿ, ಅವಳು ಬಸ್ಸು ಹತ್ತಿದಳು. ಹುಣಸೂರಿನಲ್ಲಿ ಇಳಿದು ಕೃಷ್ಣರಾಜನಗರದ ಬಸ್ಸು ಹಿಡಿದಳು. ಊರಾಚೆಯ ಹಳ್ಳಿಯಲ್ಲಿ ಗುರುಮಲ್ಲಪ್ಪನ ತಾಯಿ ದೊಡ್ಡತಾಯಮ್ಮ ಒಬ್ಬರೇ ಇದ್ದರು.

ದೊಡ್ಡತಾಯಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಬಂದವಳನ್ನು ಗುರುತು ಹಿಡಿದರೂ, ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ನೀಲಾಂಬಿಕೆ ನಿಂತೇ ಎಲ್ಲವನ್ನೂ ಹೇಳಿದಳು. ಅಪ್ಪನದನ್ನು ಹೇಳಿದಳು, ತನ್ನದನ್ನೂ ಬಿಡದೆ ಹೇಳಿದಳು.

ಮುದುಕಿಯ ಕೈ ನಿಂತಿತು.

"ನನ್ನ ಮಗ ಕುಡುಕ ಅಂತ ನಮ್ಮೋರೇ ನಮ್ಮನ್ನ ಪಂಕ್ತಿಯಿಂದ ಎಬ್ಬಿಸಿದ್ರು ಕಣೇ. ಲಿಂಗ ಮುಟ್ಟಿ ಆಣೆ ಮಾಡು ಅಂದ್ರೆ ನನ್ನ ಮಗ ಮಾಡ್ಲಿಲ್ಲ. ನಾನೂ ನಂಬಿದ್ದೆ! ಎತ್ತ ತಾಯಿ ನಾನು, ನಾನೂ ನಂಬಿದ್ದೆ..." ಸುಲಿದ ಕಾಳನ್ನು ಪಕ್ಕಕ್ಕೆ ತಳ್ಳಿದರು. "ನಿನ್ನ ಕೆನ್ನೆಗೆ ಬಾರಿಸ್ಬೇಕು ಅನ್ನಿಸ್ತದೆ."

"ಬಾರಿಸಿ."

ದೊಡ್ಡತಾಯಮ್ಮ ಅವಳನ್ನು ನೋಡಿದರು. ಬಾರಿಸಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಉಂಡಿದ್ದೀಯಾ?" ಎಂದು ಕೇಳಿದರು.

"ಇಲ್ಲ."

"ಉಣ್ಣು ಮೊದ್ಲು. ಬೆಳಗಿನ ಬಸ್ಸಿಗೆ ಎಗ್ಗಡದೇವನಕೋಟೆಗೆ ಓಗೋವ. ನಾನೂ ಬತ್ತೀನಿ. ನಿನ್ನ ಮೇಲಿನ ಪಿರೂತಿಗಲ್ಲ! ನನ್ನ ಮಗನ ಮುಂದೆ ನಿಂತು ಅದೇನ್ ಯೋಳ್ತೀಯ, ಕೇಳ್ಬೇಕು ನಾನು."

*

ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡಿಸುವ ಬಸ್ಸು ಹೊಗೆಯುಗುಳುತ್ತ ಹೆಗ್ಗಡದೇವನಕೋಟೆ ಮುಟ್ಟುವಾಗ ನೆತ್ತಿಗೆ ಬಿಸಿಲು ಬಂದಿತ್ತು. ಅಲ್ಲಿಂದ ಎತ್ತಿನ ಗಾಡಿ. ಬೀಚನಹಳ್ಳಿಯ ಮಾರಿಗುಡಿಯ ಮುಂದೆ ಜನ ಸಾಲಾಗಿ ಕೂತಿದ್ದರು. ಕಂಬಳಿ ಹೊದ್ದ ಗಂಡಸರು, ಸೊರಗಿದ ಕೈಕಾಲಿನ ಮಕ್ಕಳು. ಗುರುಮಲ್ಲಪ್ಪ ಮೊಣಕಾಲೂರಿ ಒಂದು ಹೆಣ್ಣುಮಗುವಿನ ಬಾಯಿಗೆ ಮಾತ್ರೆ ಹಾಕುತ್ತಿದ್ದ. ಅದು ಕಹಿಗೆ ಮುಖ ಹಿಂಡಿ ಉಗುಳಲು ನೋಡಿತು.

"ನುಂಗು ತಾಯಿ... ನುಂಗು... ಜಾಣೆ!"

ಆ ದನಿಯಲ್ಲಿದ್ದ ಮೃದುತ್ವ ಕೇಳಿ ನೀಲಾಂಬಿಕೆಯ ಕಣ್ಣು ತುಂಬಿತು. ಇಂಥವನನ್ನು...

ಅವನು ತಲೆಯೆತ್ತಿ ಮೊದಲು ತಾಯಿಯನ್ನು, ಆಮೇಲೆ ಅವಳನ್ನು ನೋಡಿದ. ಎದ್ದು ನಿಂತ.

"ಅವ್ವಾ? ಏನಾಯ್ತು?"

"ನನಗೇನಾಗದೆ? ಇವಳನ್ನ ಕೇಳು" ಎಂದು ದೊಡ್ಡತಾಯಮ್ಮ ಹೊಂಗೆ ಮರದ ನೆರಳಿಗೆ ಹೋಗಿ ಕೂತು, ಅಡಿಕೆಲೆ ಚೀಲ ಬಿಚ್ಚಿದರು. ಕಿವಿ ಮಾತ್ರ ಇತ್ತಲೇ ಇತ್ತು.

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ನೀಲಾಂಬಿಕೆಗೆ ಮರೆತುಹೋಗಿತ್ತು.

"ಆವತ್ತು ಕೇಳ್ಲಿಲ್ಲ. ಈಗ ಕೇಳೋಕೆ ಬಂದೆ" ಎಂದಳು. "ದಾರೀಲಿ ಏನಾಯ್ತು ಅಂತಲ್ಲ. ಅದು ಗೊತ್ತಾಯ್ತು. ನಾಲ್ಕು ವರ್ಷ ಎಂಗಿದ್ರಿ? ಅದನ್ನ ಯೋಳಿ. ಎಷ್ಟೊತ್ತಾದ್ರೂ ಕೇಳ್ತೀನಿ."

ಗುರುಮಲ್ಲಪ್ಪ ಹೇಳಲು ಹೊರಟು ನಿಲ್ಲಿಸಿದ. ಮತ್ತೆ ಹೊರಟ. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಗಾಯಾಳುಗಳ ಬಟ್ಟೆ ಒಗೆದದ್ದು... ಮಗು ಅಡ್ಡ ತಿರುಗಿದೆ ಎಂದು ಯಾರಾದರೂ ಅಂದರೆ ಅಲ್ಲಿಂದ ಎದ್ದು ಓಡುತ್ತಿದ್ದದ್ದು... ಯಾರ ಮದುವೆಗೂ ಹೋಗದೆ ಇದ್ದದ್ದು... ಅವಳು ನಡುವೆ ಒಂದು ಮಾತೂ ಆಡಲಿಲ್ಲ. ಅಳುವನ್ನು ಒರೆಸಿಕೊಳ್ಳಲೂ ಇಲ್ಲ.

"ಈಗ್ಲೂ ಸಿಟ್ಟಿದೆ, ನೀಲಾ" ಎಂದು ಅವನು ಕೊನೆಗೆ ಹೇಳಿದ. "ಸುಳ್ಳು ಯಾಕೆ ಯೋಳ್ಲಿ? ನಿನ್ನ ನೋಡಿದ್ರೆ ಮುಖಕ್ಕೆ ಬಿದ್ದ ಎಂಜಲು ನೆನಪಾಗ್ತದೆ. ನೋಡದೆ ಇದ್ರೆ... ಅದಕ್ಕಿಂತ ಕಷ್ಟ."

"ನಂಗೂ ಸಿಟ್ಟಿದೆ. ನಿಮ್ಮ ಮೇಲೂ, ನನ್ನ ಮೇಲೂ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಅಷ್ಟು ಸಿಟ್ಟಿನ ಒಳಗೂ ಬೇರೆ ಯಾರ ಹೆಸರೂ ಮನಸ್ಸಿಗೆ ಬರ್ಲಿಲ್ಲ. ಬೈಯೋಕಾದ್ರೂ ದಿನಾ ನಿಮ್ಮ ಹೆಸರೇ ಎತ್ತುತ್ತಿದ್ದೆ. ಇದನ್ನ ಏನಂತಾರೋ ನಂಗೆ ಗೊತ್ತಿಲ್ಲ."

"ನಂಗೆ ಗೊತ್ತು" ಎಂದ ಅವನು, ಕೇಳಿಸದಷ್ಟು ಮೆಲ್ಲಗೆ.

ಅವಳು ತಲೆ ತಗ್ಗಿಸಿದಳು. "ಅಪ್ಪನ್ನ ಬಿಟ್ಟು ಬರೋಕಾಗಲ್ಲ. ಅವರನ್ನ ಕ್ಷಮಿಸೋಕೂ ಆಗ್ತಿಲ್ಲ. ಎದುರಿಗೆ ಅನ್ನ ಇಡ್ತೀನಿ, ಮಾತು ಬರಲ್ಲ."

"ಕ್ಷಮಿಸೋದು ಬ್ಯಾಡ. ಕರ್ಕಂಡು ಬಾ. ಮೂರು ಜನ ಸಿಟ್ಟು ಮಾಡ್ಕಂಡೇ ಒಂದು ಮನೇಲಿ ಇರೋಣ."

"ನಾಲ್ಕು ಜನ ಕಣ್ಲಾ!" ಹೊಂಗೆ ಮರದ ಕೆಳಗಿನಿಂದ ದೊಡ್ಡತಾಯಮ್ಮ ಕೂಗಿದರು. "ನನ್ನ ಸಿಟ್ಟನ್ನ ಯಾಕೆ ಬುಡ್ತೀಯ?"

ಸಾಲಿನಲ್ಲಿ ಕೂತ ಕಂಬಳಿಯವನೊಬ್ಬ ನಕ್ಕ. ಎಷ್ಟೋ ಕಾಲದ ಮೇಲೆ ಗುರುಮಲ್ಲಪ್ಪನ ಮುಖದಲ್ಲೂ ನಗು ಕಾಣಿಸಿತು. ನೀಲಾಂಬಿಕೆಗೆ ನಗು ಬರಲಿಲ್ಲ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ಅಕ್ಕ ಸತ್ತ ದಿನ ಅಳದೆ ಉಳಿದಿದ್ದನ್ನೆಲ್ಲ ಅತ್ತಳು. ಅವನು ಅವಳನ್ನು ಮುಟ್ಟಲಿಲ್ಲ. ಜನರಿಗೆ ಕಾಣದಂತೆ ಅವಳ ಮುಂದೆ ಅಡ್ಡವಾಗಿ ನಿಂತುಕೊಂಡ, ಅಷ್ಟೇ.

ಅಳು ನಿಂತ ಮೇಲೆ ಅವಳು ಹೇಳಿದಳು, "ನಾಳೆ ಓಗಿ ಅಪ್ಪನ್ನ ಕರ್ಕಂಡು ಬತ್ತೀನಿ."

"ಒಬ್ಬಳೇ ಓಗ್ಬೇಡ. ನಾನೂ ಬತ್ತೀನಿ."

"ನೀವಾ? ಅವರ ಎದುರಿಗೆ ನಿಲ್ಲೋಕಾಗುತ್ತಾ ನಿಮಗೆ?"

"ಕಷ್ಟ."

"ನಂಗೂ ಕಷ್ಟ... ಇಬ್ರೂ ಓದ್ರೆ?"

"ಇಬ್ರೂ ಓದ್ರೂ ಕಷ್ಟವೇ ನೀಲಾ" ಎಂದ ಅವನು. "ಆದ್ರೆ ಪಕ್ಕದಲ್ಲಿ ನಾನಿರ್ತೀನಿ."